‘ಲೆಸ್’ ಅಂದರೆ ಕಡಿಮೆ ಅಲ್ಲ

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದ ಬೇಸಿಗೆ ಅದು. ನಮ್ಮ ಓಣಿಯಲ್ಲಿ ಅಷ್ಟು ಇಂಗ್ಲಿಷ್ ಓದಿದವನು ನಾನೊಬ್ಬನೇ. ಬ್ಯಾಂಕಿನ ಚಲನ್, ಗ್ಯಾಸಿನ ಅರ್ಜಿ, ಔಷಧದ ಚೀಟಿ, ಏನೇ ಬಂದರೂ ‘ಆ ಹುಡುಗನ ಹತ್ರ ಹೋಗ್ರಿ’ ಅನ್ನುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಒಂದು ದಿನ ಅಪ್ಪ ಒಂದು ಫಾರಂ ತಂದ. ಹೊಲದಾಗ ಬೋರು ಹಾಕಿಸಲು ಸಾಲ, ಜೊತೆಗೆ ಸಹಾಯಧನ. ನಾಲ್ಕು ಪುಟದ ಫಾರಂ, ಪೂರ್ತಿ ಇಂಗ್ಲಿಷ್. ನಮ್ಮದು ಮಸ್ಕಿ ಹತ್ತಿರ ಎರಡು ಎಕರೆ ಹತ್ತು ಗುಂಟೆ ಒಣಭೂಮಿ. ಸಿಂಧನೂರಿನ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್ ಮಿಲ್ಲು. ನಮ್ಮ ಹೊಲಕ್ಕೆ ಮುಗಿಲೇ ಕಾಲುವೆ. ತೊಗರಿ, ಸಜ್ಜಿ ಹಾಕಿ ಮೇಲೆ ನೋಡುತ್ತ ಕೂಡುವುದು. ಹಾಗಾಗಿ ಆ ಫಾರಂ ಮನೆಗೆ ಬಂದ ದಿನ ಅವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಆಮೇಲೆ ನನ್ನ ಕೈಗೆ ಕೊಟ್ಟಳು.

ಹೆಸರು, ಊರು, ಸರ್ವೆ ನಂಬರ್ ಎಲ್ಲ ತುಂಬಿದೆ. ಎರಡನೇ ಪುಟದಲ್ಲಿ ಮೂರು ಚೌಕ ಇದ್ದವು, ಒಂದಕ್ಕೆ ಟಿಕ್ ಹಾಕಬೇಕು. ಮೊದಲನೆಯದು ‘ಲ್ಯಾಂಡ್‌ಲೆಸ್’. ಎರಡನೆಯದು ‘ಮಾರ್ಜಿನಲ್’. ಮೂರನೆಯದು ‘ಸ್ಮಾಲ್’.

ನನ್ನ ಲೆಕ್ಕ ಹೀಗೆ ನಡೆಯಿತು. ಮಾರ್ಜಿನ್ ಅಂದರೆ ನೋಟ್‌ಬುಕ್ಕಿನ ಬದಿಗೆ ಎಳೆಯುವ ಗೆರೆ, ಅದಕ್ಕೂ ನಮಗೂ ಸಂಬಂಧ ಇಲ್ಲ. ಸ್ಮಾಲ್ ಅಂದರೆ ಚಿಕ್ಕವರು, ಅಪ್ಪ ಚಿಕ್ಕವನಲ್ಲ. ಲ್ಯಾಂಡ್ ಅಂದರೆ ಭೂಮಿ, ಲೆಸ್ ಅಂದರೆ ಕಡಿಮೆ. ಭೂಮಿ ಕಡಿಮೆ ಇರುವವರು. ನಾವೇ ಅಲ್ಲವೇ! ಖುಷಿಯಿಂದ ಅದಕ್ಕೆ ಟಿಕ್ ಹಾಕಿದೆ. ಎರಡು ಸಲ ತಿದ್ದಿ ದಪ್ಪ ಮಾಡಿದೆ.

ಇಪ್ಪತ್ತು ದಿನದ ಮೇಲೆ ಅಪ್ಪನನ್ನು ಕರೆಸಿದರು. ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನ ಮುಂದೆ ಎಂಟು-ಹತ್ತು ಜನ ನಿಂತಿದ್ದರು. ಒಳಗಿದ್ದವರು ನಮ್ಮ ಫಾರಂ ತೆಗೆದು ಮೇಜಿನ ಮೇಲೆ ಇಟ್ಟು, “ಒಂದ್ ಕಡೆ ಭೂಮೀನ ಇಲ್ಲ ಅಂತ ಬರ್ದೀರಿ, ಇನ್ನೊಂದ್ ಕಡೆ ಪಹಣಿ ಹಚ್ಚೀರಿ. ಇದ್ರಾಗ ಯಾವ್ದು ಸುಳ್ಳು?” ಅಂದರು.

ಅಪ್ಪ ನನ್ನ ಕಡೆ ನೋಡಿದ. “ಸುಳ್ಳು ಬರ್ಸಿಲ್ರಿ ಸಾಹೇಬ್ರ, ಹುಡುಗ ಬರ್ದಾನ” ಅಂದ. ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೊಸ ಫಾರಂ ತುಂಬಿ, ಮತ್ತೆ ಸಹಿ ಮಾಡಿಸಿ ಕೊಡುವ ಹೊತ್ತಿಗೆ ಆ ವರ್ಷದ ಕಡೇ ದಿನ ದಾಟಿತ್ತು. ಆ ಸಲ ಮಳೆಯೂ ಕೈಕೊಟ್ಟಿತು. ತೊಗರಿ ಹೂವಿಗೆ ಬಂದು ನಿಂತಲ್ಲೇ ಒಣಗಿತು. ದೀಪಾವಳಿ ಮುಗಿದ ಮೇಲೆ ಅಪ್ಪ, ಅವ್ವ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ನಾನೂ ತಂಗಿಯೂ ಅಜ್ಜಿಯ ಜೊತೆ ಉಳಿದೆವು. ಬೋರು ಬಿದ್ದಿದ್ದರೆ ಅವರು ಹೋಗುತ್ತಿರಲಿಲ್ಲ ಅಂತ ಗಟ್ಟಿಯಾಗಿ ಹೇಳಲಾರೆ. ಬೋರು ಹಾಕಿದರೂ ನೀರು ಬೀಳದ ಹೊಲಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆದರೆ ಹದಿನಾರು ವರ್ಷದ ಹುಡುಗನಿಗೆ ಅಷ್ಟೆಲ್ಲ ವಿಚಾರ ಇರುವುದಿಲ್ಲ. ಒಂದು ಟಿಕ್ಕಿನಿಂದ ನಾನೇ ಅವರನ್ನು ಬಸ್ಸು ಹತ್ತಿಸಿದೆ ಅಂತಲೇ ಅನ್ನಿಸಿತ್ತು.

ಅಪ್ಪ ಬೈಯಲಿಲ್ಲ. ಅಜ್ಜಿ ಮಾತ್ರ ಒಂದು ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದಳು.

“ಏನೋ ತಮ್ಮಾ, ನಮಗ ಭೂಮಿ ಇಲ್ಲ ಅಂತ ಬರ್ದಿದ್ದೆಂತಲ್ಲ?”

“ಹೂಂ ಯವ್ವಾ. ತಿಳೀಲಿಲ್ಲ.”

“ನಿಮ್ಮಜ್ಜ ಆ ಹೊಲ ಪಾಲಿಗೆ ಮಾಡ್ತಿದ್ದ. ಉಳಾವ್ನ ಒಡೆಯ ಅಂತ ಕಾಯ್ದೆ ಬಂತು. ಆಗ ಏಳ್ ನಂಬರ್ ಫಾರಂ ತುಂಬಿ, ಆ ಆಫೀಸು ಈ ಆಫೀಸು ಅಂತ ವರ್ಷಗಟ್ಟಲೆ ತಿರುಗಿದ. ಒಂದು ಕಾಗದದಾಗ ಹೆಸರು ಬರಾಕ ಕಾಲಾಗಿನ ಚಪ್ಲಿ ಸವದ್ವು. ನೀ ಒಂದ್ ಗಳಿಗ್ಯಾಗ ಅದನ್ನ ಅಳಿಸಿದ್ದಿ ನೋಡು.”

ಅಜ್ಜಿ ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾಯ್ದೆಯ ವಿಷಯ ನನಗೆ ಆಮೇಲೆ ತಿಳಿಯಿತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ, ಪಾಲಿಗೆ ಉಳುತ್ತಿದ್ದವರು ನಮೂನೆ 7 ಎಂಬ ಅರ್ಜಿಯನ್ನು ಭೂ ನ್ಯಾಯಮಂಡಳಿಗೆ ಕೊಟ್ಟು ಹಕ್ಕು ಕೇಳಬೇಕಿತ್ತು. ನಮ್ಮಜ್ಜನಿಗೆ ಓದು ಬರುತ್ತಿರಲಿಲ್ಲ. ಆದರೂ ಅವನ ಫಾರಂ ಸರಿಯಾಗಿತ್ತು. ಓದು ಬರುತ್ತಿದ್ದ ನನ್ನ ಫಾರಂ ತಪ್ಪಾಗಿತ್ತು.

ಅವತ್ತಿನಿಂದ ಆ ‘ಲೆಸ್’ ನನ್ನ ಬೆನ್ನು ಬಿಡಲಿಲ್ಲ.

ಎರಡು ಲೆಸ್

ಕಲಬುರಗಿಗೆ ಪತ್ರಿಕೋದ್ಯಮ ಓದಲು ಹೋದಾಗ, ಗ್ರಂಥಾಲಯದಲ್ಲಿ ಎರಡು ಕೈಯಿಂದ ಎತ್ತಬೇಕಾದಂಥ ಇಂಗ್ಲಿಷ್ ನಿಘಂಟು ಇತ್ತು. ಮೊದಲು ಹುಡುಕಿದ್ದು ಅದೇ ಪದ. ನೋಡಿದರೆ, ಅಲ್ಲಿ ‘ಲೆಸ್’ ಒಂದಲ್ಲ, ಎರಡು. ಬರೆಯುವುದು ಒಂದೇ ರೀತಿ, ಹುಟ್ಟಿದ ಮನೆ ಬೇರೆ ಬೇರೆ.

ಒಂದು ‘ಲೆಸ್’ ಒಂಟಿಯಾಗಿ ನಿಲ್ಲುವ ಪದ. ಅದರ ಅರ್ಥ ಕಡಿಮೆ. ಲೆಸ್ ಶುಗರ್ ಅಂದರೆ ಸಕ್ಕರೆ ಕಡಿಮೆ. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷ್‌ನಲ್ಲಿ ಇದು ‘ಲ್ಯಾಸ್ಸ’ ಅಂತ ಇತ್ತು.

ಇನ್ನೊಂದು ‘ಲೆಸ್’ ಒಂಟಿಯಾಗಿ ನಿಲ್ಲುವುದಿಲ್ಲ. ಬೇರೆ ಪದದ ಬಾಲಕ್ಕೆ ಅಂಟಿಕೊಂಡೇ ಬರುತ್ತದೆ. ಇದನ್ನು ಪ್ರತ್ಯಯ ಅನ್ನುತ್ತಾರೆ. ಒಂದು ವಸ್ತುವಿನ ಹೆಸರಿಗೆ ಇದು ಅಂಟಿದರೆ ಆ ಹೆಸರು ಗುಣ ಹೇಳುವ ಪದವಾಗುತ್ತದೆ. ಹೋಮ್ ಅಂದರೆ ಮನೆ, ಹೋಮ್‌ಲೆಸ್ ಅಂದರೆ ಮನೆ ಇಲ್ಲದ. ಜಾಬ್‌ಲೆಸ್ ಅಂದರೆ ಕೆಲಸ ಇಲ್ಲದ. ಇದರ ಅರ್ಥ ಕಡಿಮೆ ಅಲ್ಲ, ‘ಇಲ್ಲದ’. ಹಳೆ ಇಂಗ್ಲಿಷ್‌ನಲ್ಲಿ ಇದು ‘ಲೇಅಸ್’. ಆಗ ಇದು ಸ್ವತಂತ್ರ ಪದವೂ ಆಗಿತ್ತು. ‘ಬಿಡಿಸಿಕೊಂಡ, ಕಳಚಿದ, ಯಾವುದೋ ಒಂದು ಇಲ್ಲದ’ ಎಂದು ಅರ್ಥ. ಜರ್ಮನ್ ಭಾಷೆಯಲ್ಲಿ ಇದರ ತಮ್ಮ ಇವತ್ತಿಗೂ ‘ಲೋಸ್’ ಅಂತ ಬದುಕಿದ್ದಾನೆ.

ಇಂಗ್ಲಿಷಿನಲ್ಲೂ ಇದರ ನೆಂಟರು ಇದ್ದಾರೆ, ನಮಗೆ ಗೊತ್ತಿರುವವರೇ. ಅಂಗಿ ಲೂಸ್ ಆಯಿತು ಅನ್ನುತ್ತೇವಲ್ಲ, ಆ ಲೂಸ್. ಮ್ಯಾಚಿನಲ್ಲಿ, ವ್ಯಾಪಾರದಲ್ಲಿ ಲಾಸ್ ಆಯಿತು ಅನ್ನುತ್ತೇವಲ್ಲ, ಆ ಲಾಸ್. ಇವೆಲ್ಲ ಒಂದೇ ಬೇರಿನವು. ಆ ಬೇರಿನ ಅರ್ಥ ಕತ್ತರಿಸು, ಬೇರೆ ಮಾಡು, ಸಡಿಲಿಸು. ಅದೇ ಬೇರು ಸಂಸ್ಕೃತದಲ್ಲೂ ಇದೆ. ‘ಲೂ’ ಅಂದರೆ ಕತ್ತರಿಸು, ‘ಲವಿತ್ರ’ ಅಂದರೆ ಕುಡುಗೋಲು. ಕತ್ತರಿಸಿದ ಚೂರು ‘ಲವ’. ‘ಅವನಿಗೆ ಲವಲೇಶವೂ ನಾಚಿಕೆ ಇಲ್ಲ’ ಅನ್ನುವಾಗ ಬರುವ ಲವ ಅದೇ.

ಅಂದರೆ ಲ್ಯಾಂಡ್‌ಲೆಸ್ ಅಂದರೆ ಭೂಮಿ ಕಡಿಮೆ ಇರುವವನಲ್ಲ. ಭೂಮಿಯಿಂದ ಕುಡುಗೋಲಿನಲ್ಲಿ ಕೊಯ್ದು ಬೇರೆ ಮಾಡಿದಂಥವನು.

ಅದೇ ಪುಟದಲ್ಲಿ ಇನ್ನೊಂದು ಅರ್ಥ ಕಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಳೆ ಇಂಗ್ಲಿಷಿನ ‘ಲೇಅಸ್’ ಪದಕ್ಕೆ ‘ಸುಳ್ಳಾದ, ಮೋಸದ’ ಎಂಬ ಅರ್ಥವೂ ಇತ್ತಂತೆ. ನಿಜ ಕಳಚಿಹೋದದ್ದು ಸುಳ್ಳು, ಹಾಗೆ ಬಂದಿರಬೇಕು. ಕೌಂಟರಿನ ಮುಂದೆ ಅಪ್ಪನಿಗೆ ಕೇಳಿದ ಪ್ರಶ್ನೆ ನೆನಪಾಯಿತು: ಯಾವ್ದು ಸುಳ್ಳು?

ನಮ್ಮ ಬಾಯಲ್ಲಿರುವ ಲೆಸ್‌ಗಳು

ಇದು ಇಂಗ್ಲಿಷ್ ಬಲ್ಲವರ ವಿಷಯ, ನಮಗೇಕೆ ಅನ್ನಬೇಡಿ. ನಿಮ್ಮ ಮನೆಯಲ್ಲೇ ಹತ್ತು ಲೆಸ್ ಇವೆ. ಅಡುಗೆಮನೆಯ ತಾಟು, ತಂಬಿಗೆ ಸ್ಟೇನ್‌ಲೆಸ್ ಸ್ಟೀಲು. ಸ್ಟೇನ್ ಅಂದರೆ ಕಲೆ, ಕಲೆ ಇಲ್ಲದ ಉಕ್ಕು. ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ 1913ರಲ್ಲಿ ಉಕ್ಕಿಗೆ ಕ್ರೋಮಿಯಂ ಬೆರೆಸಿ ತಯಾರಿಸಿದ್ದು. ಪೊಲೀಸರ ಜೀಪಿನಲ್ಲಿ ವಯರ್‌ಲೆಸ್, ತಂತಿ ಇಲ್ಲದ್ದು. ದವಾಖಾನೆಯಲ್ಲಿ ಕ್ಯಾಶ್‌ಲೆಸ್, ಅಂದರೆ ಕೈಯಿಂದ ರೊಕ್ಕ ಕೊಡುವ ಕೆಲಸ ಇಲ್ಲ. ಸಂತೆಯಲ್ಲಿ ಸೀಡ್‌ಲೆಸ್ ದ್ರಾಕ್ಷಿ. ಶಾಲೆಯಲ್ಲಿ ಕೇರ್‌ಲೆಸ್, ಯೂಸ್‌ಲೆಸ್. ಇವೆರಡನ್ನೂ ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಯಾರಿದ್ದಾರೆ?

ಕನ್ನಡದಲ್ಲೂ ‘ಇಲ್ಲದ’ ಎಂಬುದು ಬಾಲಕ್ಕೇ ಬರುತ್ತದೆ, ಇಂಗ್ಲಿಷಿನ ಹಾಗೆಯೇ. ನೀರಿಲ್ಲದ ಬಾವಿ, ದಿಕ್ಕಿಲ್ಲದ ಮನೆ, ಹೇಳುವವರಿಲ್ಲದ ಊರು. ಬೈಯುವುದಕ್ಕೆ ಬೇರೆ ಬಾಲ ಇದೆ, ‘ಗೇಡಿ’. ಮಾನಗೇಡಿ, ಬುದ್ಧಿಗೇಡಿ, ನಾಚಿಕೆಗೇಡಿ. ಇದು ‘ಕೆಡು’ ಎಂಬುದರಿಂದ ಬಂದದ್ದು. ಬುದ್ಧಿ ಇಲ್ಲದವ ಅಂದರೆ ಅಷ್ಟು ನೋವಿಲ್ಲ, ಬುದ್ಧಿಗೇಡಿ ಅಂದರೆ ಇದ್ದ ಬುದ್ಧಿಯನ್ನೂ ಕೆಡಿಸಿಕೊಂಡವ.

ಉರ್ದುವಿನಲ್ಲಿ ‘ಇಲ್ಲ’ ಮುಂದೆ ಬರುತ್ತದೆ. ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜ್ಯ ಹೋಯಿತು, ಮಾತು ಉಳಿಯಿತು. ‘ಬೇ’ ಹಚ್ಚಿದರೆ ಬೇಕಾರ್, ಬೇಫಿಕರ್, ಬೇಇಮಾನ್. ‘ಲಾ’ ಹಚ್ಚಿದರೆ ಲಾಚಾರ್, ಲಾವಾರಿಸ್. ನಮ್ಮ ಜನ ಅಷ್ಟಕ್ಕೇ ಬಿಡಲಿಲ್ಲ. ಉರ್ದುವಿನ ಖಬರಿಗೆ ಕನ್ನಡದ ಗೇಡಿ ಹಚ್ಚಿ ‘ಖಬರ್‌ಗೇಡಿ’ ಮಾಡಿದರು. ಕೇರ್‌ಲೆಸ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಎಲ್ಲೂ ಸಿಕ್ಕಿಲ್ಲ. ಅಜ್ಜಿ ನನ್ನನ್ನು ಕರೆಯುತ್ತಿದ್ದದ್ದೂ ಅದೇ.

ಸರ್ಕಾರಿ ಕಾಗದದ ಕನ್ನಡ ಮಾತ್ರ ಬೇರೆ. ಅಲ್ಲಿ ‘ರಹಿತ’ ಬರುತ್ತದೆ. ಭೂರಹಿತ, ವಸತಿರಹಿತ, ನಿವೇಶನರಹಿತ. ಇದು ಸಂಸ್ಕೃತದ್ದು. ‘ಬಿಟ್ಟುಹೋದ, ತೊರೆದ’ ಎಂಬುದು ಇದರ ಮೂಲ ಅರ್ಥ. ‘ಹೀನ’ ಎಂಬುದರ ಮೂಲವೂ ‘ಬಿಟ್ಟ’ ಎಂಬುದೇ. ನೋಡಿ, ಎಷ್ಟು ದೂರದ ಭಾಷೆಗಳು, ಆದರೆ ‘ಇಲ್ಲ’ ಎಂದು ಹೇಳಲು ಎಲ್ಲರೂ ‘ಕಳಚಿತು, ಬಿಟ್ಟಿತು’ ಎಂಬ ಮಾತನ್ನೇ ಹಿಡಿದರು.

ಕಲ್ಲಿನ ಮೇಲಿನ ‘ಅ’

ಈ ‘ಇಲ್ಲದ’ ಎಂಬ ಮಾತಿನ ಬಹಳ ದೊಡ್ಡ ಉದಾಹರಣೆ ನಮ್ಮೂರಿನ ಗುಡ್ಡದಲ್ಲೇ ಇದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮಸ್ಕಿಯ ದುರ್ಗದ ಗುಡ್ಡದ ಅಶೋಕನ ಶಾಸನ ನಮಗೆಲ್ಲ ಗೊತ್ತು. ಶಾಲೆಯಿಂದ ಸಾಲುಗಟ್ಟಿ ಕರೆದುಕೊಂಡು ಹೋಗುತ್ತಿದ್ದರು. ಕಬ್ಬಿಣದ ಸರಳಿನ ಆಚೆ ಬಂಡೆ, ಅದರ ಮೇಲೆ ನಮಗೆ ಓದಲು ಬಾರದ ಅಕ್ಷರ. ಅದನ್ನು ಹೊರಗಿನ ಜಗತ್ತಿಗೆ ತೋರಿಸಿದವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್, 1915ರಲ್ಲಿ. ನಮ್ಮ ಹಟ್ಟಿ ಸೀಮೆ ಮೊದಲಿನಿಂದಲೂ ಬಂಗಾರದ ಸೀಮೆ, ಬಂಗಾರ ಹುಡುಕುವವರು ಇಲ್ಲೆಲ್ಲ ತಿರುಗುತ್ತಿದ್ದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನ ಓದಿ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು.

ಅದು ಯಾಕೆ ದೊಡ್ಡ ಸುದ್ದಿಯಾಯಿತು? ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಬಂಡೆ, ಕಂಬಗಳಲ್ಲಿ ರಾಜನ ಹೆಸರು ‘ದೇವಾನಾಂಪಿಯ’, ‘ಪಿಯದಸಿ’ ಎಂದಷ್ಟೇ ಇತ್ತು. ಅಂದರೆ ದೇವರುಗಳಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದಾಗ ಈ ಪಿಯದಸಿ ಯಾರು ಎಂದು ಮೊದಲು ತಿಳಿದಿರಲಿಲ್ಲ. ಸಿಂಹಳದ ಪಾಲಿ ಗ್ರಂಥಗಳ ನೆರವಿನಿಂದ, ಇವನು ಅಶೋಕನೇ ಇರಬೇಕು ಎಂದರು. ಕಲ್ಲಿನ ಮೇಲೆ ‘ಅಶೋಕ’ ಎಂಬ ಹೆಸರೇ ಸಿಕ್ಕಿದ್ದು ಮೊದಲು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕಿತು.

ಮಸ್ಕಿಯ ಬಂಡೆಯಲ್ಲಿ ಇರುವುದು ‘ದೇವಾನಾಂಪಿಯಸ ಅಸೋಕಸ’. ಭಾಷೆ ಪ್ರಾಕೃತ. ಹೆಸರಿನ ಕೊನೆಯ ‘ಸ’ ಒಂದು ಪ್ರತ್ಯಯ, ಕನ್ನಡದ ‘ಅಶೋಕನ’ ಎಂಬುದರಲ್ಲಿರುವ ‘ನ’ ಇದ್ದ ಹಾಗೆ. ಹೆಸರಿನ ಮೊದಲಿನ ‘ಅ’ ನನ್ನ ಹುಡುಕಾಟದ್ದು. ಶೋಕ ಅಂದರೆ ದುಃಖ. ಅಶೋಕ ಅಂದರೆ ದುಃಖ ಇಲ್ಲದವನು. ಇಂಗ್ಲಿಷಿಗೆ ತಂದರೆ ಸಾರೋಲೆಸ್. ಈ ‘ಅ’ ಎಂಬುದೂ ಇಂಗ್ಲಿಷಿನ ಅನ್‌ಹ್ಯಾಪಿಯ ‘ಅನ್’ ಎಂಬುದೂ ಒಂದೇ ಮೂಲದ ದಾಯಾದಿಗಳು.

ಅವನಿಗೆ ಆ ಹೆಸರು ಯಾಕೆ ಬಂತು ಎಂಬುದಕ್ಕೆ ಅಶೋಕಾವದಾನ ಎಂಬ ಹಳೆಯ ಬೌದ್ಧ ಗ್ರಂಥದಲ್ಲಿ ಕಥೆ ಇದೆ. ಮಗು ಹುಟ್ಟಿದಾಗ ತಾಯಿ, ಈಗ ನನಗೆ ದುಃಖ ಇಲ್ಲ ಅಂದಳಂತೆ. ಅದೇ ಮಗುವಿನ ಹೆಸರಾಯಿತು.

ಹೋದ ವರ್ಷ ಶ್ರಾವಣದಲ್ಲಿ ಅಪ್ಪನನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಮಸ್ಕಿ ಸಂತೆಗೆ ಹೋಗುವ ಅಪ್ಪ ಒಮ್ಮೆಯೂ ಅದನ್ನು ನೋಡಿರಲಿಲ್ಲ. “ಓದಾಕ ಬರ್ದವ್ನಿಗೆ ಅಕ್ಷರ ಯಾಕ ತೋರಿಸ್ತಿ” ಅಂದ. “ಅದನ್ನ ಓದಾಕ ಯಾರಿಗೂ ಬರೂದಿಲ್ಲ ಬಾರಪ್ಪ” ಅಂದೆ. ಬಂದ.

ಬಂಡೆಯ ನೆರಳಲ್ಲಿ ಕೂತು ಹೆಸರಿನ ಅರ್ಥ ಹೇಳಿದೆ. ಅಪ್ಪ ಕೇಳಿದ:

“ಹಂಗಾರ ಆ ರಾಜಗ ದುಃಖಾನ ಇರ್ಲಿಲ್ಲೇನು?”

ಕಳಿಂಗ ಯುದ್ಧದ ಕಥೆ ಹೇಳಿದೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದರು, ಅದಕ್ಕಾಗಿ ನನಗೆ ಸಂಕಟವಾಗಿದೆ ಎಂದು ಬೇರೆ ಬಂಡೆಗಳ ಮೇಲೆ ಅವನೇ ಬರೆಸಿದ್ದಾನೆ ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಅಂದ್ರ ಅವ್ನ ಹೆಸರ್ನ್ಯಾಗೂ ತಪ್ಪು ಟಿಕ್ ಬಿದ್ದಿತ್ತು.”

ಇಬ್ಬರೂ ನಕ್ಕೆವು. ಆ ಫಾರಂ ಬಗ್ಗೆ ಅಪ್ಪ ಬಾಯಿ ಬಿಟ್ಟದ್ದು ಅಷ್ಟು ವರ್ಷದಲ್ಲಿ ಅದೇ ಮೊದಲು. ನಾನು ಅವತ್ತೇ ತಪ್ಪಾಯ್ತು ಅನ್ನಬೇಕಿತ್ತು, ಅಂದಿರಲಿಲ್ಲ. ಅಲ್ಲಿ ಅಂದೆ.

“ಬಿಡೋ. ನೀ ಸುಳ್ಳು ಬರ್ದಿರ್ಲಿಲ್ಲ. ಗೊತ್ತಿರ್ಲಿಲ್ಲ. ಎರಡೂ ಬ್ಯಾರೆ ಬ್ಯಾರೆ” ಅಂದ. ಆಮೇಲೆ, “ಆದ್ರ ಆ ದಿನ ಹಿಂದ ನಿಂತವ್ರು ನಕ್ಕಿದ್ದು ಮಾತ್ರ ನನಗೆ ಮರೆಯಾಕ ಆಗಿಲ್ಲ” ಅಂದ. ಅವನಿಗೂ ಅದೇ ನಗು ಕೇಳುತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು.

ಆ ಬಂಡೆಯಲ್ಲಿ ಇನ್ನೊಂದು ಮಾತೂ ಇದೆ. ಧರ್ಮದಲ್ಲಿ ನಿಂತರೆ ಸಣ್ಣವನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅರ್ಥದ ಮಾತು. ಸಣ್ಣವನಿಗೆ ಅಲ್ಲಿ ಬಳಸಿದ ಪದ ‘ಖುದಕ’. ಅಪ್ಪನಿಗೆ ಅದನ್ನೂ ಹೇಳಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ರಾಜ ಸಣ್ಣವರನ್ನು ಸಣ್ಣವರು ಎಂದು ಕರೆದ, ‘ಇಲ್ಲದವರು’ ಎಂದು ಕರೆಯಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ನನಗೆ ತಿಳಿಯದೇ ಹೋದದ್ದು ಇದೇ ವ್ಯತ್ಯಾಸ. ಕಡಿಮೆ ಇರುವುದು ಬೇರೆ, ಇಲ್ಲದಿರುವುದು ಬೇರೆ. ಎರಡು ಎಕರೆ ಹತ್ತು ಗುಂಟೆ ಕಡಿಮೆಯೇ. ಆದರೆ ಅದು ಇದೆ. ಅದಕ್ಕೆ ಅಜ್ಜನ ಚಪ್ಪಲಿ ಸವೆದಿವೆ.

ಫಾರಂ ತುಂಬುವವರಿಗೆ

ಈಗಲೂ ರಜೆಗೆ ಊರಿಗೆ ಹೋದರೆ ಜನ ಫಾರಂ ತರುತ್ತಾರೆ. ಈಗ ನಾನು ಟಿಕ್ ಹಾಕುವ ಮೊದಲು ಕೇಳುತ್ತೇನೆ. ನೀವೂ ಯಾರಿಗಾದರೂ ಫಾರಂ ತುಂಬಿಕೊಡುವವರಾದರೆ ಇಷ್ಟು ನೆನಪಿಡಿ.

ಪದದ ಬಾಲಕ್ಕೆ ಲೆಸ್ ಅಂಟಿದ್ದರೆ ಅಲ್ಲಿ ‘ಇಲ್ಲದ’ ಹಾಕಿ ಓದಿ. ಲ್ಯಾಂಡ್‌ಲೆಸ್, ಭೂಮಿ ಇಲ್ಲದ. ಅದರ ಎದುರಿನ ಬಾಲ ‘ಫುಲ್’. ಕೇರ್‌ಫುಲ್ ಅಂದರೆ ಎಚ್ಚರ ತುಂಬಿದ, ಕೇರ್‌ಲೆಸ್ ಅಂದರೆ ಎಚ್ಚರ ಇಲ್ಲದ. ಲೆಸ್ ಒಂಟಿಯಾಗಿ ನಿಂತಿದ್ದರೆ ಮಾತ್ರ ‘ಕಡಿಮೆ’.

ಕೆಲವು ಕಡೆ ಮೋಸ ಹೋಗಬಹುದು. ಪ್ರೈಸ್‌ಲೆಸ್ ಅಂದರೆ ಬೆಲೆ ಇಲ್ಲದ್ದು, ಕಸ ಎಂದಲ್ಲ. ಬೆಲೆ ಕಟ್ಟಲಾಗದ್ದು ಎಂದರ್ಥ. ಟೈರ್‌ಲೆಸ್ ಅಂದರೆ ಗಾಲಿ ಇಲ್ಲದ್ದಲ್ಲ, ದಣಿವಿಲ್ಲದ. ‘ಅನ್‌ಲೆಸ್’ ಎಂಬ ಪದದಲ್ಲಿರುವುದು ಇನ್ನೊಂದು ಲೆಸ್, ಕಡಿಮೆಯ ಲೆಸ್. ‘ಬ್ಲೆಸ್’ ಎಂಬುದರಲ್ಲಿ ಎರಡೂ ಇಲ್ಲ, ಅದು ಆಶೀರ್ವಾದ.

ಭೂಮಿಯ ಚೌಕಗಳು ಹೀಗೆ: ಎರಡೂವರೆ ಎಕರೆ, ಅಂದರೆ ಒಂದು ಹೆಕ್ಟೇರಿನವರೆಗೆ ಇದ್ದರೆ ಮಾರ್ಜಿನಲ್, ಕನ್ನಡದಲ್ಲಿ ಅತಿ ಸಣ್ಣ ರೈತ. ಅಲ್ಲಿಂದ ಐದು ಎಕರೆಯವರೆಗೆ ಸ್ಮಾಲ್, ಸಣ್ಣ ರೈತ. ಒಂದು ಗುಂಟೆಯೂ ಇಲ್ಲದೆ ಕೂಲಿಯ ಮೇಲೆ ಬದುಕುವವರು ಲ್ಯಾಂಡ್‌ಲೆಸ್.

ಕನ್ನಡದ ಫಾರಂ ಆದರೆ ಕಷ್ಟ ಇಲ್ಲ ಎಂದುಕೊಳ್ಳಬೇಡಿ. ಹೋದ ತಿಂಗಳು ನಮ್ಮ ಓಣಿಯ ಚಿಗವ್ವ ಒಬ್ಬಳು ಮನೆಯ ಅರ್ಜಿ ತಂದಳು. ಯಾರೋ ಅರ್ಧ ತುಂಬಿದ್ದರು. “ತಮ್ಮಾ, ಇಲ್ಲಿ ರಹಿತ ಅಂತೈತಿ, ಅಲ್ಲಿ ಸಹಿತ ಅಂತೈತಿ. ಒಂದ ಅಕ್ಷರ ಬ್ಯಾರೆ. ಯಾವ್ದು ಇದ್ದದ್ದು, ಯಾವ್ದು ಇಲ್ಲದ್ದು?” ಅಂದಳು. ರ ಇದ್ದರೆ ಇಲ್ಲ, ಸ ಇದ್ದರೆ ಇದೆ. ಆಮೇಲೆ ವಸತಿರಹಿತ ಬೇರೆ, ನಿವೇಶನರಹಿತ ಬೇರೆ. ಮೊದಲನೆಯದು ಮನೆ ಇಲ್ಲದವರು, ಎರಡನೆಯದು ಮನೆ ಕಟ್ಟಲು ಜಾಗವೇ ಇಲ್ಲದವರು. ಅವಳಿಗೆ ಜಾಗ ಇತ್ತು, ಅದರ ಮೇಲೆ ತಗಡಿನ ಶೆಡ್ಡು. ಅವರು ತುಂಬಿದ್ದ ಚೌಕ ತಪ್ಪಾಗಿತ್ತು. ಕಳೆದುಕೊಳ್ಳುತ್ತಿದ್ದಳು, ನನ್ನ ಅಪ್ಪನ ಹಾಗೆಯೇ.

‘ಮನೆ ಇಲ್ಲದವರು’ ಎಂದು ಬರೆದರೆ ಏನು ಹೋಗುತ್ತದೆ? ಒಂದಿಷ್ಟು ಮಸಿ ಜಾಸ್ತಿ ಆಗಬಹುದು. ಓದಲು ಬರುವ ಯಾವ ಮುದುಕಿಗೂ ಅರ್ಥವಾಗುತ್ತದೆ. ಫಾರಂ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಇನ್ನೊಂದು ಮಾತು. ಲ್ಯಾಂಡ್‌ಲೆಸ್ ಎಂಬ ಪದ ಇದೆ, ಲ್ಯಾಂಡ್‌ಫುಲ್ ಎಂಬ ಪದ ಇಲ್ಲ. ಹೋಮ್‌ಲೆಸ್ ಇದೆ, ಹೋಮ್‌ಫುಲ್ ಇಲ್ಲ. ಇದ್ದವರನ್ನು ಅವರಲ್ಲಿ ಇರುವುದರಿಂದ ಯಾರೂ ಕರೆಯುವುದಿಲ್ಲ, ಹೆಸರಿನಿಂದ ಕರೆಯುತ್ತಾರೆ. ಇಲ್ಲದವರನ್ನು ಮಾತ್ರ ಏನಿಲ್ಲವೋ ಅದರಿಂದ ಕರೆಯುತ್ತಾರೆ. ಆ ಬಾಲದ ಬೇರಿನಲ್ಲಿ ‘ಕತ್ತರಿಸಿದ’ ಎಂಬ ಅರ್ಥ ಇದೆಯಲ್ಲ, ಯಾರು ಕತ್ತರಿಸಿದರು ಎಂಬುದನ್ನು ಆ ಪದ ಹೇಳುವುದಿಲ್ಲ. ಪತ್ರಿಕೋದ್ಯಮ ಓದಿದವರು ಕೇಳಬೇಕಾದ ಪ್ರಶ್ನೆ ಅದು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಹೊಲದ ಕಥೆ ಏನಾಯಿತು ಎಂದು ಕೇಳುತ್ತೀರಿ. ಮೊದಲ ಫಾರಂ ವಾಪಸ್ ಬಂದ ಮೂರು ವರ್ಷಕ್ಕೆ ಅಪ್ಪ ಮತ್ತೆ ಅರ್ಜಿ ಹಾಕಿದ. ಆ ಸಲವೂ ಬೇರೆಯವರ ಹತ್ತಿರ ಹೋಗಲಿಲ್ಲ, ನನಗೇ ಕೊಟ್ಟ. ಎರಡನೇ ಪುಟ ಬಂದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಪೆನ್ನು ಇಟ್ಟ ಪದದ ಬಾಲಕ್ಕೆ ಬೆರಳು ಇಟ್ಟು ಕೇಳಿದ.

“ಇದಕ್ಕ ಲೆಸ್ ಇಲ್ಲ, ಹೌದಲ್ಲ?”

“ಇಲ್ಲಪ್ಪ.”

“ಹಾಕು.”

ಬೋರು ಬಿತ್ತು. ಎರಡಿಂಚು ನೀರು. ಅದು ಕಡಿಮೆಯೇ. ಆದರೆ ಇದೆ.